ಪಗಾರ ಬರೂತನಕ

ಮುದುಕ್ಯಾರಿಗೆ ಸರ್ಕಾರ ಕೊಡೋ ಪಿಂಚಣಿಗೆ ನಮ್ಮ ಹೊನವಾಡದಾಗ ಪಗಾರ ಅಂತೀವಿ. ಪಗಾರ ಬಂದ ತಿಂಗಳು ಹೇಳೂವಂಥಾ ಸುದ್ದಿ ಏನೂ ಇರಂಗಿಲ್ಲ. ನಿಂತಾಗ ಮಾತ್ರ ನಗೂವಂಥವು ಒಂದರ ಹಿಂದ ಒಂದು ನಡಕೋಂತ ಹೋಗ್ತಾವು. ಈ ಸಲ ನಿಂತಾಗ ನನ್ನ ಜೀವಕ್ಕ ಬಂದಿತ್ತು. ಜೋರಾಪುರ ಪೇಟ್ಯಾಗಿನ ನನ್ನ ಮಗಳಿಗೆ ಮೊಮ್ಮಗಳು ಹುಟ್ಟಿದ್ಳು. ತೊಟ್ಟಿಲಕ್ಕ ಹಾಕೂ ದಿನ ಕೂಸಿನ ತಲಿಗೆ ಮುತ್ತಜ್ಜಿ ಹೊಲಿದ ಕುಂಚಗಿ ಕಟ್ಟಬೇಕು. ಖಣದ ಅರಬಿ ತರಾಕ ಕೈಯಾಗ ರೊಕ್ಕ ಇಲ್ಲ. ಮಗನ್ನ ಕೇಳಿದ್ರ ಕೊಡ್ತಿದ್ದ. ಆದ್ರ ಕುಂಚಗಿ ನನ್ನ ರೊಕ್ಕದ್ದ ಆಗಬೇಕಂತ ನನ್ನ ಹಟ.

ಹೆಬ್ಬಟ್ಟು

ಬ್ಯಾಂಕಿನಾಂವ ಮಿಷನ್ ಹಿಡ್ಕೊಂಡು ಮನಿಗೆ ಬಂದ. ರೊಟ್ಟಿ ಬಡದು ಬಡದು ನನ್ನ ಬಟ್ಟಿನ ಗೆರಿ ಸವದಾವು. ಮಿಷನ್ ಒಪ್ಪಲೇ ಇಲ್ಲ.

"ಅಮ್ಮಾ, ಇದರಾಗ ನೀವು ಇಲ್ಲಂತ ತೋರಸಾಕತ್ತೈತ್ರಿ."

"ನಾ ಇಲ್ಲಂದ್ರ ನೀ ಯಾರು ಕಾಸಿದ ಚಾ ಕುಡ್ಯಾಕತ್ತೀಯೋ ಯಪ್ಪಾ?"

ಅಂವ ನಕ್ಕು, ಬಟ್ಟಿಗೆ ಎಣ್ಣಿ ತಿಕ್ಕಿಸಿ ಮತ್ತ ಒತ್ತಿಸಿದ. ಹತ್ತಿತು. ಆದ್ರ ಮಿಷನ್ ನೋಡಿ ಮಾರಿ ಸಣ್ಣದು ಮಾಡ್ದ.

"ಈಗ ನೀವು ಅದೀರ್ರಿ ಅಮ್ಮಾ. ರೊಕ್ಕ ಇಲ್ರಿ."

ಪುಕ್ಕಟೆ ಬಸ್ಸು

ಮರುದಿನ ತಿಕೋಟಾದ ತಹಶೀಲ್ದಾರ್ ಆಫೀಸಿಗೆ ಹೊಂಟ್ನಿ. ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಐತಲ್ಲ. ಬಾಜೂಕ ಕುಂತ ಯಜಮಾನ ರೊಕ್ಕ ಕೊಟ್ಟು ಟಿಕೆಟ್ ತಗೊಂಡು ಗೊಣಗಿದ: "ನೀವೆಲ್ಲಾ ಹಿಂಗ ಪುಕ್ಕಟೆ ತಿರಗೂದಕ್ಕ ಸರ್ಕಾರ ಬರಿಗೈ ಆಗೇತಿ. ಎಲ್ಲಿಗೆ ಹೊಂಟೀ ಬೇ?"

"ಸರ್ಕಾರದ ಕಡೇನ ಹೊಂಟೇನಿ, ರೊಕ್ಕ ಕೇಳಾಕ. ಪಾಪ, ಕೊಡಾಕ ಇಲ್ಲಂದ್ರೂ ಕೇಳಾಕ ಬರ್ರಿ ಅಂತ ಗಾಡಿ ಕಳಿಸೇತಿ ನೋಡು. ಬೀಗರೂ ಇಷ್ಟು ಮಾಡಂಗಿಲ್ಲ."

ಯಜಮಾನ ಸರದು ಜಾಗಾ ಬಿಟ್ಟ.

ತೆರಿಗಿ

ಆಫೀಸಿನ್ಯಾಗ ಗುತ್ತಿಗಿ ಮ್ಯಾಲ ದುಡಿಯೂ ಗುಮಾಸ್ತ ತಿಳಿಸಿ ಹೇಳಿದ: "ಪ್ಯಾಟಿ ಬಿದ್ದೈತ್ರಿ ಅಮ್ಮಾ. ಮಂದಿ ಏನೂ ಕೊಳ್ಳವಲ್ರು. ಕೊಳ್ಳಲಿಲ್ಲಂದ್ರ ತೆರಿಗಿ ಬರಂಗಿಲ್ಲ. ತೆರಿಗಿ ಇಲ್ಲಂದ್ರ ಪಗಾರ ಎಲ್ಲಿಂದ ಕೊಡೂದ್ರಿ?"

"ಹಂಗಾರ ನನ್ನ ಪಗಾರ ಕೊಡು. ಈಗಿಂದೀಗ ಹೋಗಿ ಖಣ ಕೊಳ್ತೇನಿ. ತೆರಿಗಿ ನಿಮಗ ಬಂದ ಬಿಡ್ತೈತಿ."

ಅಂವ ಪೆನ್ನು ಕೆಳಗಿಟ್ಟು, ಸಣ್ಣ ದನೀಲೆ, "ನನ್ನ ಪಗಾರನೂ ಬಂದಿಲ್ರಿ" ಅಂದ. ಬುತ್ತ್ಯಾಗಿನ ಶೇಂಗಾ ಹೋಳಿಗಿ ಅವನ ಕೈಯಾಗ ಇಟ್ನಿ. ಸರ್ಕಾರದ್ದು ತಿನ್ನಾಕ ಹೋದಾಕಿ, ಸರ್ಕಾರಕ್ಕ ತಿನ್ನಿಸಿ ಬಂದ್ನಿ.

ಭೀಸಿ

ಹೋಳಿಗಿ ತಿನ್ನೂಮುಂದ ಗುಮಾಸ್ತಗ ನಮ್ಮ ಭೀಸಿ ಸುದ್ದಿ ಹೇಳಿದ್ನಿ. ಓಣ್ಯಾಗಿನ ಹೆಣ್ಮಕ್ಕಳು ತಿಂಗಳಾ ಒಂದಿಷ್ಟು ಕೂಡಿಸಿ ಚೀಟಿ ಎತ್ತತೀವಿ. ಹೆಸರು ಬಂದಾಕಿಗೆ ಗಂಟು. "ನನ್ನೂ ಸೇರಿಸ್ಕೋರಿ" ಅಂದಿದ್ದ.

ಅವತ್ತ ಸಂಜಿಗೆ ದ್ರಾಕ್ಷಿ ತೋಟಕ್ಕ ಕೂಲಿಗೆ ಹೋಗೂ ಬಾಜೂ ಮನ್ಯಾಕಿ ಹೆಸರು ಬಂತು. ಆ ತಿಂಗಳ ನನ್ನ ಪಾಲೂ ಆಕೀನ ಹಾಕಿದ್ಳು. ಈಗ ಗಂಟನ್ನೂ ತಂದು ನನ್ನ ಉಡ್ಯಾಗ ಇಟ್ಟು, "ಯಕ್ಕಾ, ನಿನ್ನ ಪಾಳಿ ಬಂದಾಗ ನಾ ತಗೋತೇನಿ, ಇದು ನಿನ್ನ ರೊಕ್ಕನ. ಅಲ್ಲೀತನಕ ಕೂಸು ಬರೇ ತಲೀಲೆ ಇರ್ತೈತೇನು?" ಅಂದ್ಳು. ಆಕಿ ಉಪಕಾರ ಸಾಯೂತನಕ ಮರಿಯಂಗಿಲ್ಲ. ತೊಟ್ಟಿಲಕ್ಕ ಹಾಕೂ ದಿನ ಆ ರೊಕ್ಕದ್ದ ಹಸಿರು ಖಣದ ಕುಂಚಗಿಯಾಗ ಕೂಸು ಗಿಣಿ ಕಂಡಂಗ ಕಂಡ್ತು.

ಗಂಟು ಉಡ್ಯಾಗ ಬಿದ್ದ ಆ ಸಂಜಿಗೆ ಮಾತ್ರ ಕಣ್ಣೊರಸ್ಕೊಂಡು ಗುಮಾಸ್ತನ ಮಾತು ಮುಂದಿಟ್ನಿ. "ಅಂವಗಷ್ಟ ಅಲ್ಲ, ಸರ್ಕಾರಕ್ಕೂ ಅಡಚಣಿ ಐತಂತ. ಇಬ್ಬರನ್ನೂ ಸೇರಿಸ್ಕೊಳ್ಳೂಣೇನು?"

ಬಾಜೂ ಮನ್ಯಾಕಿ ಚೀಟಿ ಕೂಡಿಸಿ ಇಡಕೋಂತ ಅಂದ್ಳು:

"ಗುಮಾಸ್ತ ಬರ್ಲಿ ಯಕ್ಕಾ. ಸರ್ಕಾರ ಬ್ಯಾಡ. ಮೊದಲನೇ ಗಂಟು ತಾನ ಎತ್ಕೋತೈತಿ. ಎರಡನೇ ತಿಂಗಳಾ ಕೇಳಾಕ ಹೋದ್ರ, 'ಮ್ಯಾಲಿಂದ ಬಂದಿಲ್ಲ' ಅಂತೈತಿ."