ಭಾವನವರ ಬಾಯಿಪಾಠದ ನಂಬರು

ನಮ್ಮ ಭಾವನವರು ಕುಡಿಯುತ್ತಿದ್ದಾಗಲೇ ವಾಸಿಯಿತ್ತು!

ಹುಬ್ಬೇರಿಸಬೇಡಿ. ಇವಳಿಗೆ ತಲೆ ಕೆಟ್ಟಿದೆಯೇ ಎಂದೂ ಕೇಳಬೇಡಿ. ಕೆಟ್ಟಿದೆ, ಕೆಡಿಸಿದವರು ಅವರೇ. ಕುಡಿಯುತ್ತಿದ್ದಾಗ ಅವರ ಕಾಟ ಒಂದು ಮನೆಗೆ ಮಾತ್ರ ಇತ್ತು. ಬಿಟ್ಟ ಮೇಲೆ ಇಡೀ ಲಗ್ಗೆರೆಗೆ ಹಬ್ಬಿದೆ. ಆಗ ಮನೆಯಲ್ಲಿ ಇದ್ದದ್ದು ಒಬ್ಬ ಕುಡುಕ. ಈಗ ಭಾನುವಾರ ಬಂತೆಂದರೆ ನಮ್ಮಕ್ಕನ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕುಡುಕರು! ಎಲ್ಲರೂ ಬಿಟ್ಟವರೇ, ಒಪ್ಪಿದೆ. ಆದರೆ ಅವರಿಗೆಲ್ಲ ಟೀ ಕಾಯಿಸುವವರು ಯಾರು? ಆ ಒಲೆಯ ಮುಂದೆ ಆಗಲೂ ಅಕ್ಕನೇ, ಈಗಲೂ ಅಕ್ಕನೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಾನು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರು. ಬೈಯುವುದು ನನಗೆ ಸಂಬಳ ಬರುವ ಕೆಲಸ. ಸಂಬಳವಿಲ್ಲದೆ, ಓವರ್‌ಟೈಮ್ ಇಲ್ಲದೆ ನಾನು ಬೈದಿರುವುದು ಈ ಭೂಮಿಯ ಮೇಲೆ ಒಬ್ಬರನ್ನೇ. ಭಾವನವರು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಷಿನ್ನಿನ ಆಪರೇಟರು. ಕುಡಿಯುವ ಕಾಲದಲ್ಲಿ ಎಲ್ಲಿ ಬಿದ್ದರೂ, ಹೇಗೆ ಬಿದ್ದರೂ, ತಮ್ಮ ಹೆಸರನ್ನೇ ಮರೆತರೂ ನನ್ನ ಫೋನ್ ನಂಬರನ್ನು ಮಾತ್ರ ಮರೆಯುತ್ತಿರಲಿಲ್ಲ! ಯಾರಾದರೂ ಪುಣ್ಯಾತ್ಮರು ತಟ್ಟಿ ಎಬ್ಬಿಸಿ "ಯಾರಿಗ್ ಫೋನ್ ಮಾಡ್ಲಿ ಅಣ್ಣ?" ಎಂದರೆ ಸಾಕು, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದರು. ನಾನು ದಾಸರಹಳ್ಳಿಯಿಂದ ಆಟೊ ಹಿಡಿದು ಹೋಗಿ, ಬೈದು, ಎತ್ತಿ ಕೂರಿಸಿಕೊಂಡು, ದಾರಿಯುದ್ದಕ್ಕೂ ಬೈದು ಮನೆ ಸೇರಿಸುತ್ತಿದ್ದೆ. "ಕಟ್ಕೊಂಡ ಹೆಂಡ್ತಿ ನಂಬರ್ ಜ್ಞಾಪಕ ಇರಲ್ವಾ ನಿಮ್ಗೆ?" ಎಂದರೆ ಆಟೊದ ಕಂಬಿಗೆ ತಲೆ ಆನಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು.

ಆಮೇಲೆ ಬಿಟ್ಟರು. ಆಸ್ಪತ್ರೆ, ಡ್ರಿಪ್ಪು, ಅಕ್ಕನ ತಾಳಿ ಮುಟ್ಟಿ ಆಣೆ, ಆ ಆಣೆ ಮುರಿದದ್ದು, ಮತ್ತೆ ಆಸ್ಪತ್ರೆ, ಎಲ್ಲ ಆಯಿತು. ಕೊನೆಗೆ ಅವರನ್ನು ಹಿಡಿದು ನಿಲ್ಲಿಸಿದ್ದು ಕುಡಿತ ಬಿಟ್ಟವರ ಒಂದು ಗುಂಪು. ವಾರಕ್ಕೊಂದು ಸಂಜೆ ನರ್ಸರಿ ಶಾಲೆಯ ಕೊಠಡಿಯೊಂದರಲ್ಲಿ, ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ದಾಂಡಿಗರೆಲ್ಲ ಮಂಡಿ ಮಡಚಿ ಕೂರುತ್ತಾರೆ. ಒಬ್ಬೊಬ್ಬರೇ ಎದ್ದು "ನಮಸ್ಕಾರ, ನಾನೊಬ್ಬ ಕುಡುಕ" ಎಂದು ಶುರು ಮಾಡಿ ತಮ್ಮ ಪಾಡು ಹೇಳಿಕೊಳ್ಳುತ್ತಾರೆ. ಉಳಿದವರು "ನಮಸ್ಕಾರ" ಎನ್ನುತ್ತಾರೆ. ಅಷ್ಟೇ! ಇಷ್ಟಕ್ಕೇ ಬಿಡುವುದಾಗಿದ್ದರೆ ನಾವು ಅಷ್ಟು ವರ್ಷ ಕಂಡ ಕಂಡ ದೇವಸ್ಥಾನ ಸುತ್ತಿದ್ದಾದರೂ ಯಾಕೆ?

ಈಗ ಬೀದಿಯವರೆಲ್ಲ ನನ್ನನ್ನು ತಡೆದು ನಿಲ್ಲಿಸಿ "ನಿಮ್ ಭಾವ ದೇವ್ರಂಥ ಮನುಷ್ಯ ಕಣ್ರೀ" ಎನ್ನುತ್ತಾರೆ. ಮೈಯೆಲ್ಲ ಉರಿದುಹೋಗುತ್ತದೆ! ಕುಡಿಯದೆ ಇರುವುದೂ ಒಂದು ಸಾಧನೆಯೇ? ನಮ್ಮಕ್ಕ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದಿಲ್ಲ. ಅವಳಿಗೆ ಯಾರಾದರೂ ಶಾಲು ಹೊದಿಸಿದರೇ? ಆ ವಾಂತಿ ಬಳಿದವಳು, ಅಂಗಡಿಯವರ ಮುಂದೆ ತಲೆತಗ್ಗಿಸಿ ನಿಂತವಳು, ಮಗಳ ಮುಂದೆ ನಕ್ಕು ಬಚ್ಚಲಲ್ಲಿ ಅತ್ತವಳು ಅವಳು. ದೇವರಂಥ ಮನುಷ್ಯನಂತೆ, ದೇವರು!

ಮೀಟಿಂಗಿನ ಅಭ್ಯಾಸ ನಾಲಿಗೆಗೆ ಅಂಟಿಕೊಂಡರೆ ಏನಾಗುತ್ತದೆ, ಕೇಳಿ. ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕೇಸರಿಬಾತು, ಬೋಂಡ, ಬಾಡಿಗೆಗೆ ತಂದ ಕುರ್ಚಿ, ಎಲ್ಲ ಸರಿಯಿತ್ತು. ಜರಿಪಂಚೆ ಉಟ್ಟ ಹುಡುಗನ ಸೋದರಮಾವ, ಭಾರಿ ಗಂಭೀರ ಮನುಷ್ಯ, "ತಾವು...?" ಎಂದು ಭಾವನವರ ಕಡೆ ತಿರುಗಿದರು. ಭಾವನವರು ಎದ್ದು ನಿಂತರು. ಕೈಮುಗಿದು, ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ನಾನೊಬ್ಬ ಕುಡುಕ" ಎಂದೇಬಿಟ್ಟರು!

ಬೋಂಡಗಳೆಲ್ಲ ಬಾಯಿಯ ಹತ್ತಿರವೇ ನಿಂತವು. ಅದು ಸಾಲದೆಂದು ಅಡುಗೆಮನೆಯಿಂದ ಇನ್ನೊಂದು ದನಿ, "ನಮಸ್ಕಾರ್ರೀ!" ಟೀ ಸೋಸಲು ಬಂದಿದ್ದ ಗುಂಪಿನವನೊಬ್ಬನದು. ಕಲಬುರಗಿ ಕಡೆಯವನು, ಗಾರೆ ಕೆಲಸ, ಭಾವನವರ ಪರಮ ಶಿಷ್ಯ. ನಾನು ಒಳಗೆ ನುಗ್ಗಿ ಅವನ ಕೈಯಿಂದ ಸೋಸುವ ಜಾಲರಿ ಕಿತ್ತುಕೊಂಡೆ. "ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಬಾಯಿಗೆ ರೂಢಿ ಆಗೇದ್ರಿ" ಎಂದ.

ಸಂಬಂಧ ಮುರಿಯಿತು, ಮುರಿಯದೆ ಇರುತ್ತದೆಯೇ? ಆದರೆ ಕೆಲವು ದಿನ ಬಿಟ್ಟು ಆ ಸೋದರಮಾವ ಒಬ್ಬರೇ ಬಂದರು. ಜರಿಪಂಚೆ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಆಚೀಚೆ ನೋಡಿ, "ಆ ಮೀಟಿಂಗು... ಎಲ್ಲಿ ನಡೆಯುತ್ತೆ?" ಎಂದರು. ಗಂಡು ಕೈತಪ್ಪಿದ, ಗಂಡಿನ ಸೋದರಮಾವ ಮಾತ್ರ ಉಳಿದುಕೊಂಡರು! ಈಗಲೂ ಭಾನುವಾರ ತಪ್ಪದೆ ಬಂದು ಟೀ ಕುಡಿಯುತ್ತಾರೆ, ಸಕ್ಕರೆ ಜಾಸ್ತಿ.

ಇನ್ನು ಫೋನಿನ ಕಥೆ. ಗುಂಪಿನಲ್ಲಿ ಯಾರಿಗಾದರೂ ಕುಡಿಯಬೇಕೆಂಬ ಆಸೆ ಎದ್ದರೆ ಕುಡಿಯುವ ಮೊದಲು ಇನ್ನೊಬ್ಬರಿಗೆ ಫೋನ್ ಮಾಡಬೇಕಂತೆ. ಅದು ಅವರ ಕಟ್ಟಳೆ. ಆ 'ಇನ್ನೊಬ್ಬರು' ಯಾವಾಗಲೂ ನಮ್ಮ ಭಾವನವರೇ ಯಾಕಾಗಬೇಕು? ಮಗಳಿಗೆ ಬೇರೆ ಕಡೆ ಗೊತ್ತಾಗಿ ಮದುವೆಯಾಯಿತು. ಬೀಗರ ಪಂಕ್ತಿ. ಹುಡುಗಿಯ ಅಪ್ಪ ಪಕ್ಕದಲ್ಲಿ ಕೂತು ಉಪಚಾರ ಮಾಡಬೇಕು ತಾನೇ? ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಫೋನ್ ಬಂತು. ಎಂಜಲು ಕೈಯಲ್ಲೇ ಪಂಕ್ತಿಯಿಂದ ಎದ್ದು ನಡೆದುಬಿಟ್ಟರು! ಬೀಗಿತ್ತಿ ಮುಖ ಊದಿಸಿಕೊಂಡರು. ನಾನು ಛತ್ರದ ಹಿಂದೆ ಹೋಗಿ ನೋಡಿದರೆ, ಪಾತ್ರೆ ತೊಳೆಯುವಲ್ಲಿ ನಿಂತು ಯಾರಿಗೋ ಹೇಳುತ್ತಿದ್ದಾರೆ, "ನೀನ್ ಮಾತಾಡ್ತಾ ಇರು ಮಗಾ. ಏನಾದ್ರೂ ಮಾತಾಡು. ಹೋಳಿಗೆ ಆರಿದ್ರೆ ಆರ್ಲಿ."

"ಭಾವಾ, ನಿಮ್ ಮಗಳ ಮದ್ವೆ ಇದು!" ಎಂದು ಹಲ್ಲು ಕಚ್ಚಿದೆ.

"ಅವನ್ಗೂ ಒಬ್ಳು ಮಗಳಿದ್ದಾಳೆ ಕಣಮ್ಮ" ಎಂದರು. ಇಂಥ ಮಾತಿಗೆ ಏನೆಂದು ಉತ್ತರ ಕೊಡುತ್ತೀರಿ? ಕೊಟ್ಟೆ, ಬಿಡಲಿಲ್ಲ. ಪಾತ್ರೆ ತೊಳೆಯುವವರು ಕೈ ನಿಲ್ಲಿಸಿ ಕೇಳಿಸಿಕೊಂಡರು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಮೊನ್ನೆಯ ಆಯುಧಪೂಜೆಯ ಸಂಗತಿ ಹೇಳಲು. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಗೊತ್ತಲ್ಲ? ಮಷಿನ್ನುಗಳನ್ನು ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪುರಿ ಹಂಚುತ್ತಾರೆ. ಮಧ್ಯಾಹ್ನಕ್ಕೆ ಅದು ಮುಗಿದರೆ ಶೆಡ್ಡಿನ ಹಿಂದೆ ಇನ್ನೊಂದು ಪೂಜೆ ಶುರುವಾಗುತ್ತದೆ, ಅದರ ಖರ್ಚು ಓನರದ್ದು. ವರ್ಷವಿಡೀ ಮುಖ ಗಂಟಿಕ್ಕಿಕೊಂಡಿರುವ ಓನರು ಅವತ್ತು ಮಾತ್ರ ಧರ್ಮರಾಯ! ಕುಡಿತ ಬಿಟ್ಟವರಿಗೆ ಅದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ.

ಅದಕ್ಕೇ ಈ ಸಲ ಗುಂಪಿನವರೆಲ್ಲ ತಂತಮ್ಮ ಕೆಲಸದ ಕಡೆಯ ಪೂಜೆಗೆ ಹೋಗುವ ಮೊದಲು, ಬೆಳಿಗ್ಗೆ ಬೇಗ ಅಕ್ಕನ ಮನೆಯಲ್ಲಿ ಸೇರಿದ್ದರು. ಕುಡಿಯದಂತೆ ತಮ್ಮನ್ನು ಕಾಯುವ ಆಯುಧ ಯಾವುದು? ಫೋನು! ಆದ್ದರಿಂದ ಫೋನಿಗೇ ಪೂಜೆ! ದೇವರ ಮುಂದೆ ಮಣೆ ಹಾಕಿ, ಮಣೆಯ ಮೇಲೆ ಸಾಲಾಗಿ ಫೋನು, ಒಂದೊಂದಕ್ಕೂ ಕುಂಕುಮ, ಮೇಲೊಂದು ಸೇವಂತಿಗೆ. ಅಕ್ಕನ ಫೋನೂ ಅಲ್ಲೇ. ಹಬ್ಬದ ಅರಿಶಿನ ಕುಂಕುಮಕ್ಕೆಂದು ಹೋದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತದ್ದು ಆಮೇಲೆ. ಮಂಗಳಾರತಿಯಾದ ಮೇಲೆ ಯಾರೂ ಫೋನ್ ಎತ್ತಿಕೊಳ್ಳಲಿಲ್ಲ.

"ಎತ್ಕೊಳ್ರಪ್ಪಾ" ಎಂದೆ.

"ಪೂಜೆಗಿಟ್ಟ ಆಯುಧ ನಾಳೆ ತನಕ ಮುಟ್ಟಬಾರ್ದು ಕಣಮ್ಮ, ಸಂಪ್ರದಾಯ" ಎಂದರು ಭಾವನವರು. "ಎಲ್ಲಾ ಸ್ವಿಚ್ ಆಫ್ ಮಾಡಿದ್ದೀವಿ."

ನನಗೆ ಪಿತ್ತ ನೆತ್ತಿಗೇರಿತು. "ನಿಮ್ ಬುದ್ಧಿಗಿಷ್ಟು! ವರ್ಷದಲ್ಲಿ ಫೋನ್ ಬೇಕೇ ಬೇಕು ಅನ್ನೋ ದಿನ ಇವತ್ತೊಂದೇ. ಇವತ್ತೇ ಎಲ್ಲಾ ಆಫ್ ಮಾಡ್ಕೊಂಡು ಕೂತಿದ್ದೀರಲ್ರೀ!"

ಗಾರೆಯವನು ನಡುವೆ ಬಾಯಿ ಹಾಕಿದ. "ದೇವ್ರು ಕಾಯ್ತಾನ್ರೀ ಅಕ್ಕಾರ. ನಿಮ್ಮ ಫೋನೂ ಇಡ್ರಿ."

"ನನ್ ಫೋನ್ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಹೇಳಿ, ಅಕ್ಕ ಕೊಟ್ಟ ಪುರಿ ಕಟ್ಟಿಕೊಂಡು ದಾಸರಹಳ್ಳಿಗೆ ಹೊರಟುಬಂದೆ. ಉಣ್ಣಲೂ ಇಲ್ಲ.

ಮಧ್ಯಾಹ್ನ ಕಳೆದಿತ್ತು. ಗೊತ್ತಿಲ್ಲದ ನಂಬರಿನಿಂದ ಫೋನು.

"ಬೈಯಮ್ಮ."

"ಯಾರ್ರೀ ಅದು?"

"ನಾನ್ ಕಣಮ್ಮ, ಭಾವ. ಬೀಡಾ ಅಂಗಡಿಯವ್ರ ಫೋನಿದು. ಪೀಣ್ಯ ಸೆಕೆಂಡ್ ಸ್ಟೇಜ್ ಬಾರ್ ಎದುರು ನಿಂತಿದ್ದೀನಿ. ಒಳಗ್ ಹೋಗಿಲ್ಲ. ನನ್ ಲೇತ್‌ನ ಗುಜರಿಗೆ ಹಾಕ್ತಾರಂತೆ, ನಾಳೆ ಲಾರಿ ಬರುತ್ತಂತೆ. ಪೂಜೆ ಮಾಡಿ, ಕಾಯಿ ಒಡೆದಾದ್ಮೇಲೆ ಹೇಳ್ತಾರಮ್ಮ ಓನರು. ಹೇಳಿ ಕೈಗೆ ಗ್ಲಾಸ್ ಕೊಟ್ರು. ಮಷಿನ್ ಹೆಸರಲ್ಲಿ ಒಂದು ಗುಟುಕು ಅಂದ್ರು. ಇಟ್ಬಿಟ್ಟು ಬಂದೆ. ಕಾಲು ಇಲ್ಲಿಗೇ ಬಂತು. ನೀನ್ ಬೈತಾ ಇರು. ನಿಲ್ಲಿಸ್ಬೇಡ."

ಮದುವೆಗೆ ಮೊದಲಿನಿಂದ ಆ ಲೇತಿನ ಮುಂದೆ ನಿಂತ ಮನುಷ್ಯ! ಅಂಥವನ ಕೈಗೆ, ಅದೂ ಹಬ್ಬದ ದಿನ, ಗ್ಲಾಸು ಕೊಡುತ್ತಾನಲ್ಲ, ಆ ಓನರನ ಕೈ ಸೇದಿಹೋಗ! ಅವನಿಂದಲೇ ಶುರು ಮಾಡಿದೆ. ಬೈಯುತ್ತಲೇ ಚಪ್ಪಲಿ ಮೆಟ್ಟಿದೆ, ಬೈಯುತ್ತಲೇ ಬೀಗ ಹಾಕಿದೆ, ಬೈಯುತ್ತಲೇ ಆಟೊ ಹತ್ತಿದೆ. ಸಂಪ್ರದಾಯವನ್ನು ಬೈದೆ, ಗುಂಪನ್ನು ಬೈದೆ, ಗಾರೆಯವನನ್ನು ಬೈದೆ, ಆರಿಹೋದ ಹೋಳಿಗೆಯನ್ನು ನೆನೆಸಿಕೊಂಡು ಬೈದೆ. ನಡುವೆ ಯಾರೋ ಕರೆ ಮಾಡುತ್ತಿದ್ದರು, ಕಿವಿಯಲ್ಲಿ ಟುಂಯ್ ಟುಂಯ್ ಎನ್ನುತ್ತಿತ್ತು. ನೋಡಲು ಪುರಸೊತ್ತೆಲ್ಲಿ? ಬಾಳೆಕಂದು ಕಟ್ಟಿದ ಆಟೊದವನು ಅರ್ಧ ತಿರುಗಿ "ಮೇಡಂ, ಮೀಟರ್ ಹಾಕಿದ್ದೀನಲ್ಲಾ..." ಎಂದು ಬೇಡಿಕೊಂಡ. "ನಿಮಗಲ್ರೀ!" ಎಂದು ಅವನಿಗೂ ಒಂದು ಕೊಟ್ಟೆ.

ಅತ್ತಲಿಂದ ಬೇರೆ ದನಿ ಬಂತು. "ಅಕ್ಕಾ, ನಾನು ಬೀಡಾ ಅಂಗಡಿಯವ್ನು. ಸ್ಪೀಕರ್‌ಗೆ ಹಾಕಿದ್ದೀನಿ. ಇವ್ರು ಇಲ್ಲೇ ಅವ್ರೆ. ಒಳಗ್ ಹೋಗ್ತಿದ್ದ ಇನ್ನಿಬ್ರೂ ನಿಮ್ ಮಾತ್ ಕೇಳಿ ನಿಂತ್ಬಿಟ್ಟವ್ರೆ. ಮುಂದುವರ್ಸಿ ಅಕ್ಕಾ."

ಇಳಿದು ನೋಡಿದರೆ ಭಾವನವರು ಬಾರಿಗೆ ಬೆನ್ನು ಹಾಕಿ ನಿಂತಿದ್ದರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ವರ್ಕ್‌ಶಾಪಿನ ಪುರಿ ಪೊಟ್ಟಣ, ಹಿಸುಕಿ ಹಿಸುಕಿ ಪುಡಿಯಾಗಿತ್ತು. ಫೋನ್ ಕಿವಿಯಿಂದ ತೆಗೆದೆ. ಬಾಯಿಯಲ್ಲಿ ಇನ್ನೊಂದು ಬೈಗುಳ ಉಳಿದಿರಲಿಲ್ಲ.

"ಕುಡುದ್ರಾ?"

"ಇಲ್ಲ."

"ನಂಗ್ಯಾಕೆ ಮಾಡಿದ್ರಿ?"

"ಉಳಿದೋರ ಫೋನೆಲ್ಲಾ ಮಣೆ ಮೇಲಿತ್ತಲ್ಲ. ಬಾಯಿಪಾಠ ಇರೋದೂ ನಿನ್ ನಂಬರ್ ಒಂದೇ" ಎಂದರು. ಪುಡಿಯಾದ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಹೇಳಿದರು, "ಆಗ್ಲೂ ಅಷ್ಟೇ ಕಣಮ್ಮ. ಅವಳಿಗೆ ಮಾಡಿದ್ರೆ ಅಳ್ತಾಳೆ. ಅವಳು ಅತ್ರೆ ನಂಗೆ ಸಾಯೋಣ ಅನ್ಸುತ್ತೆ. ನೀನ್ ಬೈದ್ರೆ ಮನೆಗ್ ಹೋಗೋಣ ಅನ್ಸುತ್ತೆ."

ಅದೇ ಆಟೊದಲ್ಲಿ ಲಗ್ಗೆರೆಗೆ ಹೊರಟೆವು. ದಾರಿಯಲ್ಲಿ ಆಟೊದವನು ಎರಡು ಸಲ ಕನ್ನಡಿಯಲ್ಲಿ ನೋಡಿದ. ನಾನು ಯಾರನ್ನೂ ಬೈಯಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಗಂಡನ ಬಾಯಿಯ ಹತ್ತಿರ ಮುಖ ತಂದು ಒಮ್ಮೆ ಉಸಿರೆಳೆದುಕೊಂಡಳು. ಅಷ್ಟು ವರ್ಷದ ಅಭ್ಯಾಸ, ಅದು ಅವಳ ಕೈಯಲ್ಲಿಲ್ಲ. ಆಮೇಲೆ "ಕೈಕಾಲು ತೊಳ್ಕೊಳ್ಳಿ" ಎಂದಳು. ಅವಳು ತಿರುಗಿದಾಗ ನೋಡಿದೆ, ಬಲಗಿವಿಯ ತುಂಬ ಕುಂಕುಮ ಮೆತ್ತಿಕೊಂಡಿತ್ತು.

"ಇದೇನೇ ಕಿವಿಗೆ?"

ಅವಳು ಕೈಯಿಂದ ಮುಚ್ಚಿಕೊಂಡಳು. "ಹೊತ್ತಾಯ್ತು, ಅವ್ರು ಬರ್ಲಿಲ್ಲ. ಆ ಫೋನ್‌ಗಳ ಮುಂದೇನೇ ಕೂತಿದ್ದೆ, ಒಂದೂ ಮಾತಾಡಲ್ವಲ್ಲಾ. ತಡ್ಕೊಳಕ್ಕಾಗ್ಲಿಲ್ಲ ಕಣೇ. ತಪ್ಪಾಯ್ತು ಅಂತ ದೇವ್ರಿಗೆ ಕೈಮುಗ್ದು ನಂದನ್ನ ಎತ್ಕೊಂಡು ಆನ್ ಮಾಡ್ಬಿಟ್ಟೆ. ನಿಂಗೆ ಮಾಡಿದೆ. ಬೇರೆ ಕರೆಯಲ್ಲಿದ್ದಾರೆ, ಬೇರೆ ಕರೆಯಲ್ಲಿದ್ದಾರೆ ಅಂತಾನೇ ಬರ್ತಿತ್ತು."

"ಅಯ್ಯೋ, ಗಾಬರಿ ಆಯ್ತೇನೇ?"

"ಇಲ್ಲ ಕಣೇ, ಜೀವ ಬಂತು. ಅಷ್ಟು ಹೊತ್ತು ನೀನು ಇನ್ಯಾರನ್ನ ಬೈತೀಯ? ಅವ್ರು ನಿನ್ ಹತ್ರ ಇದ್ದಾರೆ ಅಂತ ಗೊತ್ತಾಯ್ತು. ಎದ್ದು ಅನ್ನಕ್ಕಿಟ್ಟೆ."

ಸೆರಗಿನ ತುದಿಯಿಂದ ಅವಳ ಕಿವಿ ಒರೆಸತೊಡಗಿದೆ. ಕುಂಕುಮ ಹೋಗಲೊಲ್ಲದು, ನನ್ನ ಕಣ್ಣೀರೂ ನಿಲ್ಲಲೊಲ್ಲದು. ಒಳಗೆ ಭಾವನವರು ದೇವರ ಮುಂದೆ ಮಂಡಿಯೂರಿ ಕೂತು, ಮಣೆಯ ಮೇಲಿನ ಫೋನುಗಳನ್ನು ಒಂದೊಂದಾಗಿ ಆನ್ ಮಾಡುತ್ತಿದ್ದರು.