ಸಗಿನ್‌ಬೆಕ್‌ನ ಗೇರ್‌ಬಾಕ್ಸ್ ಚಿಕಿತ್ಸೆ

"ಗೇರ್‌ಬಾಕ್ಸ್ ಅನ್ನೋ ಪ್ರಾಣಿ ನನ್ನೆದುರು ಬಾಲ ಮುದುರಿಕೊಂಡು ಕೂರಬೇಕು! ಮೆಕ್ಯಾನಿಕ್ಕಂತೆ ಮೆಕ್ಯಾನಿಕ್ಕು!"

ಸಗಿನ್‌ಬೆಕ್ ತೋಳು ಮಡಚಿದ. ಅರ್ಧ ಆಯುಷ್ಯ ನರಿನ್ ಊರಿನಿಂದ ದೊಲೊನ್ ಕಣಿವೆ ಹತ್ತಿಸಿ ಲಾರಿ ಓಡಿಸಿದವನು. ಮುದಿಲಾರಿ ಗುಜರಿಗೆ ಹೋದ ದಿನ ಅವನು ಊಟವನ್ನೇ ಮಾಡಿರಲಿಲ್ಲ. ಈಗ ಮನೆಮಂದಿಗೆಲ್ಲ ಆಗಲೆಂದು ಜಪಾನಿನ ಹಳೇ ಮಿನಿವ್ಯಾನ್ ಬಂದಿತ್ತು. ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ. ಆದರೆ ಎರಡರಿಂದ ಮೂರಕ್ಕೆ ಬೀಳುವಾಗ ಧಡಕ್ಕನೆ ಜಗ್ಗುತ್ತಿತ್ತು.

"ನಾನು ಸಂತೆಗೆ ಓಡಿಸಿಕೊಂಡು ಹೋದಾಗ ಜಗ್ಗಲೇ ಇಲ್ಲವಲ್ಲ ರೀ," ಎಂದಳು ಹೆಂಡತಿ ಅನಾರಾ.

"ನೀನು ಹೋಗೋ ವೇಗಕ್ಕೆ ಕತ್ತೇನೂ ಜಗ್ಗಲ್ಲ!"

ವೈದ್ಯರಾಜ ಸಗಿನ್‌ಬೆಕ್ ಬಾನೆಟ್ ಎತ್ತಿದರು. ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಎರಡು ಬೆರಳಲ್ಲಿ ಉಜ್ಜಿ, ಕಣ್ಣು ಮುಚ್ಚಿ ಮೂಸಿದರು. "ಸುಟ್ಟ ವಾಸನೆ! ಎಣ್ಣೆ ಸತ್ತಿದೆ!"

"ಅದು ನಿಮ್ಮ ಬೆರಳಿನ ಸಿಗರೇಟಿನ ವಾಸನೆ."

ಸತ್ಯಕ್ಕೆ ಕಿವಿಗೊಡುವ ಹೊತ್ತಲ್ಲ ಅದು. ಅನಾರಾ ಕೈಯಾರೆ ಹೊಲಿದ ಉಣ್ಣೆಗಂಬಳಿಯನ್ನೇ ಹಾಸಿಕೊಂಡು ಆತ ಗಾಡಿಯಡಿ ತೆವಳಿದ. ತಿರುಪು ಬಿಚ್ಚಿದ. ಎಣ್ಣೆ ಬೋಗುಣಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬಿತ್ತು! ಗಡ್ಡ, ಎದೆ, ಕಂಬಳಿಯ ಮೇಲಿನ ಕುರಿಕೊಂಬಿನ ಚಿತ್ತಾರ, ಎಲ್ಲಕ್ಕೂ ಅಭ್ಯಂಜನ!

"ನನ್ನ ಕಂಬಳಿ!"

"ಗಾಡಿ ಬದುಕಿತಲ್ಲೇ!"

"ಕಂಬಳಿ ಸತ್ತಿತಲ್ಲ ರೀ!"

ಹೊಸ ಎಣ್ಣೆ ಬಿತ್ತು. ಮರುದಿನ ಗಂಡಹೆಂಡಿರಿಬ್ಬರೂ ಕೊಚ್ಕೊರಿಗೆ ಹೊರಟರು. ಮೊಮ್ಮಗಳು ಮೊದಲ ಹೆಜ್ಜೆ ಇಟ್ಟ ಹಬ್ಬಕ್ಕೆ ಮಗಳ ಅತ್ತೆ ಕಲಿಪಾಳನ್ನು ಕರೆತರಬೇಕಿತ್ತು. ಅಲ್ಲಿ ಬೀಗಿತ್ತಿ ಹಬ್ಬದುಡುಗೆ ತೊಟ್ಟು, ತೊಡೆಯ ಮೇಲೆ ಕೆನೆಯ ಗಡಿಗೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ರಾಣಿಯಂತೆ ಕೂತಳು.

ವಾಪಸು ಹೊರಟ ಗಾಡಿ ಬೆಣ್ಣೆಯಂತೆ ಸಾಗಿತು. "ನೋಡಿದ್ಯಾ ಚಿಕಿತ್ಸೆ!" ಎಂದು ಸಗಿನ್‌ಬೆಕ್ ಮೀಸೆ ತಿರುವಿದ.

ಕಣಿವೆಯ ಏರು ಶುರುವಾಯಿತು. ಬೀಗಿತ್ತಿ ಸೌಜನ್ಯಕ್ಕೆ ಕೇಳಿದಳು: "ನೀವು ಲಾರಿ ಓಡಿಸ್ತಿದ್ದಿದ್ದು ಇದೇ ದಾರೀಲಾ ಬೀಗರೇ?"

ಅಷ್ಟೇ ಸಾಕಾಯಿತು. ಸಗಿನ್‌ಬೆಕ್‌ನ ಕಣ್ಣು ಮಂಜಾಯಿತು. "ಇದೇ ದಾರಿ! ಅನಾರಾನ್ನ ಮದುವೆಯಾಗಿ ಕರ್ಕೊಂಡು ಬಂದಿದ್ದೂ ಇಲ್ಲೇ, ಅದೇ ಲಾರೀಲಿ. ಸೊಂಟದಷ್ಟು ಹಿಮ. ಇವಳು ಬಿಳಿ ಸ್ಕಾರ್ಫಲ್ಲಿ ಪಕ್ಕದಲ್ಲಿ. ನಾನು ಎರಡನೇ ಗೇರಲ್ಲಿ ತಿರುವು ಹತ್ತಿಸಿ, ಹಿಂಗೆ ಮೂರಕ್ಕೆ..."

ಧಡಕ್!

ಗಡಿಗೆ ಹಾರಿತು. ಬೀಗಿತ್ತಿಯ ಹುಬ್ಬಿನಿಂದ ಗಲ್ಲದವರೆಗೆ ಕೆನೆ!

"ಹಾಳು ಗೇರ್‌ಬಾಕ್ಸು! ಪೂರ್ತಿ ಬಿಚ್ಚಿಬಿಡ್ತೀನಿ!"

"ಬಿಚ್ಚಬೇಡಿ," ಎಂದಳು ಪಕ್ಕದಲ್ಲಿದ್ದ ಅನಾರಾ, ಕೆಳಗೆ ನೋಡುತ್ತ. "ಆ ಎಡಗಾಲು ಬ್ರೇಕಿನ ಮೇಲೇನು ಮಾಡ್ತಿದೆ?"

ಸಗಿನ್‌ಬೆಕ್ ನೋಡಿದ. ಅವನ ಎಡಗಾಲು ಕ್ಲಚ್ಚನ್ನು ಹುಡುಕಿಕೊಂಡು ಹೋಗಿ, ಸಿಕ್ಕಿದ ಬ್ರೇಕನ್ನೇ ತುಳಿದುಕೊಂಡು ಹಾಯಾಗಿತ್ತು!

"ಲಾರಿ ನೆನಪಾದಾಗೆಲ್ಲ ಹೀಗೇನಾ?"

"ದಿನಾ ನೆನಪಾಗತ್ತೆ ಕಣೇ," ಎಂದ ಸಣ್ಣ ದನಿಯಲ್ಲಿ.

ಬೀಗಿತ್ತಿ ಮೂಗಿನ ಮೇಲಿನ ಕೆನೆ ನೆಕ್ಕಿ ಗೊಳ್ಳನೆ ನಕ್ಕಳು. "ಆ ಲಾರಿ ಸವತಿ ಸತ್ತರೂ ಇವರ ಕಾಲು ಬಿಟ್ಟಿಲ್ಲ ಅನಾರಾ!"

ಅನಾರಾ ನಿಂತ ಗಾಡಿಯಿಂದ ಇಳಿದು, ಗಂಡನನ್ನು ಪಕ್ಕದ ಸೀಟಿಗೆ ಸಾಗಹಾಕಿ, ತಾನು ಸ್ಟೇರಿಂಗ್ ಹಿಡಿದಳು. ಗಾಡಿ ಸದ್ದಿಲ್ಲದೆ ಏರು ಹತ್ತಿತು. ತಿರುವುಗಳು ಒಂದೊಂದಾಗಿ ಹಿಂದೆ ಸರಿದವು. ಸಗಿನ್‌ಬೆಕ್ ಹೆಂಡತಿಯತ್ತ ತಿರುಗಿದ.

"ಅನಾರಾ, ಅವತ್ತು ನೀನು ಹಿಂಗೇ ಪಕ್ಕದಲ್ಲಿ ಕೂತು ನನ್ನನ್ನೇ ನೋಡ್ತಿದ್ದೆ. ಮನಸ್ಸಲ್ಲಿ ಏನಿತ್ತು, ಹೇಳು?"

ಅನಾರಾ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಈ ಮನುಷ್ಯ ಬಾಯಿ ಮುಚ್ಚಿ ದಾರಿ ನೋಡ್ಲಿ ದೇವರೇ, ಅಂತ!"