ಒಂದೇ ಸ್ವರ, ನೂರೆಂಟು ಸಿಟ್ಟು

ಒಂದೇ ಸ್ವರವನ್ನು ಮುಕ್ಕಾಲು ಗಂಟೆ ನುಡಿಸುವವನದು ಶಾಂತ ಸ್ವಭಾವ ಇರಬೇಕು ಅಂತ ಜನ ತಿಳಿದಿದ್ದಾರೆ. ಸುಳ್ಳು. ನನ್ನಂಥ ಸಿಟ್ಟಿನ ಮನುಷ್ಯ ವಸ್ತಾರೆಯಿಂದ ಕಳಸದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ವಾರವಿಡೀ ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ, ಅಂದರೆ ಆಳುಗಳ ಹಾಜರಿ ಬರೆಯುವುದು. ಭಾನುವಾರ ಬಂದರೆ ಹಳೇ ಹಾರ್ಮೋನಿಯಂ, ಶ್ರುತಿಪೆಟ್ಟಿಗೆ, ಎರಡು ಸ್ಪೀಕರ್ ಜೀಪಿಗೆ ಹಾಕಿಕೊಂಡು ಹೊರಡುತ್ತೇನೆ. ತಾಳ ಇಲ್ಲ, ಹಾಡೂ ಇಲ್ಲ. ಒಂದು ಸ್ವರ ಹಿಡಿದು, ಅದರೊಳಗೆ ಇನ್ನೊಂದನ್ನು ಸಣ್ಣಗೆ ಸೇರಿಸಿ, ಕೋಣೆ ತುಂಬುವ ತನಕ ಬಿಡದೆ ಎಳೆಯುವುದು. ಇಂಗ್ಲಿಷಿನವರು ಇದನ್ನು ಡ್ರೋನ್ ಸಂಗೀತ ಅಂತಾರೆ. ನಾನು ಎಲ್ಲಿ ಹೋದರೂ ಏನಾದರೊಂದು ಆಗಿಯೇ ತೀರುತ್ತದೆ. ಆ ಹೆಸರಿನಿಂದಲೇ ಶುರು.

೧. ಎಷ್ಟು ಲೀಟರ್?

ಮೂಡಿಗೆರೆ ಕಡೆಯ ಬೆಳೆಗಾರರ ಕ್ಲಬ್ಬೊಂದರ ಕಾರ್ಯದರ್ಶಿ "ನಮ್ಮಲ್ಲೂ ಒಂದು ಕಾರ್ಯಕ್ರಮ ಕೊಡಿ ರೈಟ್ರೇ" ಅಂದರು. ಹೋದೆ. ಒಳಗೆ ಕುರ್ಚಿಗಳೆಲ್ಲ ಖಾಲಿ. ಜನರೆಲ್ಲ ಹೊರಗೆ ಟೆನ್ನಿಸ್ ಅಂಗಳದಲ್ಲಿ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಾ ನಿಂತಿದ್ದಾರೆ. ನೋಟೀಸ್ ಬೋರ್ಡಿನಲ್ಲಿ 'ಭಾನುವಾರ ಡ್ರೋನ್ ಪ್ರದರ್ಶನ' ಅಂತ ಬರೆದಿತ್ತು.

ಸಿಟ್ಟು ನುಂಗಿಕೊಂಡು ಎಲ್ಲರನ್ನೂ ಒಳಗೆ ಕರೆದೆ. ಇದು ಹಾರುವ ಡ್ರೋನ್ ಅಲ್ಲ, ಕೇಳುವ ಡ್ರೋನ್ ಅಂತ ಹತ್ತು ನಿಮಿಷ ವಿವರಿಸಿದೆ. ನಾದ ಅಂದೆ, ಕಂಪನ ಅಂದೆ, ಮೌನ ಅಂದೆ. ಎಲ್ಲರೂ ತಲೆ ಆಡಿಸಿದರು. ಅರ್ಧ ಗಂಟೆ ನುಡಿಸಿದೆ. ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯ ಪ್ಲಾಂಟರ್ ಒಬ್ಬರು ಎದ್ದು ಬಂದು ಭುಜ ತಟ್ಟಿದರು.

"ಸೌಂಡ್ ಕೇಳಿದ್ರೇ ಗೊತ್ತಾಗುತ್ತೆ ರೈಟ್ರೇ, ಮೋಟಾರು ಗಟ್ಟಿ ಇದೆ. ಮೆಣಸಿನ ಬಳ್ಳಿಗೆ ಔಷಧಿ ಹೊಡೆಯೋಕೆ ಎಷ್ಟು ಲೀಟರ್ ಎತ್ತುತ್ತೆ?"

೨. ಪ್ರಾರ್ಥನೆ

ಚಿಕ್ಕಮಗಳೂರಿನ ಕಾಲೇಜೊಂದರ ವಾರ್ಷಿಕೋತ್ಸವ. ಮೊದಲ ಕಾರ್ಯಕ್ರಮವೇ ನನ್ನದು ಅಂದಿದ್ದರು. ಒಂದು ತಿಂಗಳು ಅಭ್ಯಾಸ ಮಾಡಿದ್ದೆ. ಪರದೆ ಎದ್ದಿತು. ಕಣ್ಣು ಮುಚ್ಚಿ ಷಡ್ಜ ಹಿಡಿದೆ. ಸಭೆ ಸ್ತಬ್ಧ. ಎರಡು ನಿಮಿಷ ಆಗಿರಬೇಕು, ಪಕ್ಕದಲ್ಲಿ ಸೀರೆಗಳ ಸರಬರ. ಕಣ್ಣು ಬಿಟ್ಟರೆ ಆರು ಜನ ವಿದ್ಯಾರ್ಥಿನಿಯರು ಮೈಕಿನ ಮುಂದೆ ಸಾಲಾಗಿ ನಿಂತಿದ್ದಾರೆ! ನನ್ನ ಷಡ್ಜಕ್ಕೆ ಗಂಟಲು ಸರಿಮಾಡಿಕೊಂಡು ಗಣಪತಿ ಸ್ತುತಿ ಶುರು ಮಾಡಿಯೇ ಬಿಟ್ಟರು. ದೇವರ ಹಾಡಿನ ನಡುವೆ ನಿಲ್ಲಿಸುವುದು ಹೇಗೆ? ಹಲ್ಲು ಕಚ್ಚಿಕೊಂಡು ಶ್ರುತಿ ಕೊಟ್ಟೆ.

ಅವರು ಕೈಮುಗಿದು ಇಳಿದರು. ಇನ್ನಾದರೂ ನನ್ನ ಸರದಿ ಅಂತ ಎರಡನೇ ಸ್ವರಕ್ಕೆ ಬೆರಳಿಟ್ಟೆ. ನಿರೂಪಣೆಯ ಮೇಡಂ ಓಡಿ ಬಂದು, "ಸಾಕು ಸರ್, ಪ್ರಾರ್ಥನೆ ಮುಗೀತು" ಅಂದರು.

"ಮೇಡಂ, ನನ್ನ ಕಾರ್ಯಕ್ರಮ ಇನ್ನೂ ಶುರುವೇ ಆಗಿಲ್ಲ!" ಅಂತ ಗದರಿದೆ.

ಅವರು ಕೈಯಲ್ಲಿದ್ದ ಪಟ್ಟಿ ನೋಡಿದರು, ನನ್ನನ್ನು ನೋಡಿದರು. ತುಂಬಾ ಮರ್ಯಾದೆಯಿಂದ ಕೇಳಿದರು: "ಹೌದಾ ಸರ್? ಹಾಗಾದ್ರೆ ಹಾಡೋರು ಎಲ್ಲಿ?"

ವಂದನಾರ್ಪಣೆಯಲ್ಲಿ ನನ್ನ ಹೆಸರೂ ಬಂತು. ಶಾಮಿಯಾನದವರ ನಂತರ, ಜನರೇಟರಿನವರಿಗಿಂತ ಸ್ವಲ್ಪ ಮೊದಲು.

೩. ಗ್ಯಾರೇಜು

ಒಂದು ಸ್ಪೀಕರ್ ಕೆಟ್ಟಿತು. ನಮ್ಮ ಜೀಪ್ ರಿಪೇರಿ ಮಾಡುವ ಭಾಯಿ ಗ್ಯಾರೇಜಿನ ಮೂಲೆಯಲ್ಲಿ ಕೂತು ನಾನೇ ವೈರಿಗೆ ಬೆಸುಗೆ ಹಾಕಿಕೊಂಡೆ. ಭಾಯಿ ಬೇರೆ ಯಾರದೋ ಜೀಪಿನ ಅಡಿಯಲ್ಲಿ ಮಲಗಿದ್ದರು, ನಾನು ಬಂದದ್ದು ಅವರಿಗೆ ಗೊತ್ತಿಲ್ಲ. ಪರೀಕ್ಷೆಗೆ ಅಂತ ಮಂದ್ರದಲ್ಲಿ ಒಂದು ಸ್ವರ ಬಿಟ್ಟೆ. ತಗಡಿನ ಮಾಡು ಸಮೇತ ಗುಂಯ್‌ಗುಟ್ಟಿತು. ನನಗೇ ರೋಮಾಂಚನ. ಅಷ್ಟರಲ್ಲಿ ಜೀಪಿನಡಿಯಿಂದ ಕೂಗು ಬಂತು:

"ಯಾರ್ರೀ ಅದು, ಮೊದ್ಲು ಆಫ್ ಮಾಡಿ! ಬೇರಿಂಗ್ ಪೂರಾ ಹೋಗಿದೆ. ಆ ಗಾಡಿ ಕೊಟ್ಟಿಗೆಹಾರದ ತನಕವೂ ಹೋಗಲ್ಲ!"

೪. ಕೆಳಗಿನ ಸ್ವರ

ಒಮ್ಮೆ ಕೇಳುಗನಾಗಿಯೂ ಹೋದೆ. ದೇವರಮನೆ ಹತ್ತಿರದ ಹೋಂಸ್ಟೇಯೊಂದಕ್ಕೆ ಹೊರಗಿನಿಂದ ಒಬ್ಬ ಕಲಾವಿದೆ ಬಂದಿದ್ದರು. ನಮ್ಮ ಜಿಲ್ಲೆಯಲ್ಲಿ ನನ್ನ ಜಾತಿಯ ಸಂಗೀತ ನುಡಿಸುವ ಇನ್ನೊಬ್ಬರನ್ನು ಕಂಡದ್ದು ಅದೇ ಮೊದಲು. ಕಾಫಿ ಒಣಗಿಸುವ ಕಣದಲ್ಲಿ ಚಾಪೆ ಹಾಸಿ, "ಮಲಗಿಕೊಂಡು ಕೇಳಿ" ಅಂದರು.

ಹತ್ತೇ ನಿಮಿಷ. ಪಕ್ಕದ ಚಾಪೆಯ ಸಾಹುಕಾರರು ಗೊರಕೆ ಶುರು ಮಾಡಿದರು. ಮೊಣಕೈಯಿಂದ ತಿವಿದೆ. ಒಂದು ಕ್ಷಣ ನಿಂತು ಮತ್ತೆ ಹೊರಟಿತು. ಈಗ ತೊಡೆಗೇ ಚಿವುಟಿದೆ. ಮತ್ತೆ ಒಂದು ಕ್ಷಣ ನಿಂತಿತು, ಅಷ್ಟೇ. ಇಂಥವರಿಗೆ ಯಾಕೆ ಕಿವಿ ಕೊಟ್ಟೆಯಪ್ಪಾ ಅಂತ ದೇವರನ್ನು ಬೈಯುವುದರಲ್ಲೇ ನನ್ನ ಸಂಜೆ ಕಳೆಯಿತು, ಸಂಗೀತ ಕಿವಿಗೆ ಬೀಳಲಿಲ್ಲ.

ಮುಗಿದದ್ದೇ ಕಲಾವಿದೆ ನಮ್ಮ ಕಡೆಗೇ ಬಂದರು. ಊರಿನವರ ಪರವಾಗಿ ಕ್ಷಮೆ ಕೇಳೋಣ ಅಂತ ಬಾಯಿ ತೆರೆದೆ.

"ಈ ಕಡೆಯಿಂದ ಒಂದು ಕೆಳಗಿನ ಸ್ವರ ಬರ್ತಿತ್ತಲ್ಲ, ಯಾರದ್ದು? ಎಷ್ಟು ಚೆನ್ನಾಗಿ ನನ್ನದಕ್ಕೆ ಸೇರ್ತು! ರೆಕಾರ್ಡ್ ಆಗಿದೆ. ಆದ್ರೆ ಎರಡು ಸಲ ಯಾರೋ ಕೆಡಿಸಿದ್ರು," ಅಂದರು.

ಸಾಹುಕಾರರು ಕಣ್ಣುಜ್ಜಿಕೊಳ್ಳುತ್ತಾ ನನ್ನ ಕಡೆ ಬೆರಳು ತೋರಿಸಿದರು. "ಇವ್ರೇ ಮಾರಾಯ್ರೇ! ತೊಡೆ ನೋಡಿ, ಕೆಂಪಾಗಿದೆ."

೫. ಕಳಸದ ರಸಿಕರು

ಕಳಸಕ್ಕೆ ಹೊರಡುವಾಗ ಹೆಂಡತಿಗೆ ಹೇಳಿಯೇ ಹೊರಟಿದ್ದೆ: "ಇದೂ ಕೆಟ್ಟರೆ ಹಾರ್ಮೋನಿಯಂ ಮಾರಿಬಿಡ್ತೀನಿ." ಮಧ್ಯಾಹ್ನ ಮೂರು ಗಂಟೆ, ಸಮುದಾಯ ಭವನ, ಸುಮಾರು ನಲವತ್ತು ಜನ. ನುಡಿಸುವ ಮೊದಲೇ ಬೈದೆ. "ಪೂರ್ತಿ ಒಂದು ಗಂಟೆ. ಕೆಮ್ಮಬಾರದು, ಫೋನ್ ತೆಗೀಬಾರದು. ಎದ್ದು ಹೋಗೋರು ಈಗಲೇ ಹೋಗಿ." ನಾಲ್ಕು ಜನ ಥ್ಯಾಂಕ್ಸ್ ಹೇಳಿ ಎದ್ದು ಹೋದರು.

ಕಣ್ಣು ಮುಚ್ಚಿ ಶುರು ಮಾಡಿದೆ. ಮೊದಲು ಒಂದಿಷ್ಟು ಗುಸುಗುಸು. ಆಮೇಲೆ ಪಿಟ್ಟೆನ್ನಲಿಲ್ಲ. ಅರ್ಧ ಗಂಟೆಯಾದ ಮೇಲೆ ಒಂದು ಕಣ್ಣು ತೆರೆದು ನೋಡಿದೆ. ಎಲ್ಲರೂ ಕಲ್ಲಿನ ಹಾಗೆ ಕೂತಿದ್ದಾರೆ. ಕೈ ತೊಡೆಯ ಮೇಲೆ, ದೃಷ್ಟಿ ನನ್ನ ತಲೆಯಿಂದ ಸ್ವಲ್ಪ ಮೇಲೆ, ಗರ್ಭಗುಡಿ ನೋಡುವವರ ಹಾಗೆ. ಇಷ್ಟು ವರ್ಷದ ಸಿಟ್ಟು ಕರಗಿ ನೀರಾಯಿತು.

ಗಂಟೆ ತುಂಬಿತು. ಮೆಲ್ಲಗೆ ಸ್ವರ ಇಳಿಸತೊಡಗಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಊರಿನ ಯಜಮಾನರು ತುಟಿ ಅಲ್ಲಾಡಿಸದೆ ಹೇಳಿದರು: "ನಿಲ್ಲಿಸ್ಬೇಡಿ."

ಜನ್ಮದಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಕಣ್ಣೊರೆಸಿಕೊಂಡು ಇನ್ನೂ ಕಾಲು ಗಂಟೆ ನುಡಿಸಿದೆ. ಮತ್ತೆ ಇಳಿಸಹೋದರೆ ಈಗ ಇಡೀ ಸಾಲೇ ಪಿಸುಗುಟ್ಟಿತು: "ದಮ್ಮಯ್ಯ, ನಿಲ್ಲಿಸ್ಬೇಡಿ ಮಾರಾಯ್ರೇ!"

ದೇವರಿಗೆ ಕೃತಜ್ಞತೆ ಹೇಳಲು ತಲೆ ಎತ್ತಿದೆ. ನನ್ನ ತಲೆಯ ಮೇಲಿನ ತೊಲೆಯಲ್ಲಿ, ಮೊರದಗಲಕ್ಕೆ, ಕಪ್ಪಗೆ ಅಲೆಯಾಡುತ್ತಾ, ಹೆಜ್ಜೇನಿನ ಹಿಂಡು ಜೋತುಬಿದ್ದಿತ್ತು.

"ಕಿಟಕಿಯಿಂದ ಬಂದ್ವು. ನಿಮ್ಮ ಗುಂಯ್‌ಗೇ ಕೂತಿದಾವೆ," ಅಂದರು ಯಜಮಾನರು, ಅದೇ ಅಲುಗದ ತುಟಿಯಲ್ಲಿ. "ನಿಲ್ಲಿಸಿದ್ರೋ, ಏಳ್ತವೆ."

ಇನ್ನೂ ನಲವತ್ತು ನಿಮಿಷ ನುಡಿಸಿದೆ. ಬೆರಳು ನಡುಗಿ ನನ್ನ ಸ್ವರಕ್ಕೆ ಎಂದೂ ಇಲ್ಲದ ಗಮಕ ಬಂತು. ಕೊನೆಗೆ ಹಿಂಡು ಒಮ್ಮೆಲೇ ಎದ್ದು, ಕಿಟಕಿ ದಾಟಿ ಹೊಳೆ ಕಡೆ ಹಾರಿತು. ಮರುಕ್ಷಣ ಜನ ಬಾಗಿಲಿಗೆ ನುಗ್ಗಿದರು. ಭವನ ಖಾಲಿ, ಬರೀ ಚಪ್ಪಲಿಗಳು.

ಯಜಮಾನರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಅಷ್ಟು ಹೊತ್ತಿಗೆ ಅವರು ಕಣ್ಣು ಮುಚ್ಚಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗದು. ಒಬ್ಬರಾದರೂ ಕೇಳಿದರಲ್ಲ! ನನಗೆ ಅಷ್ಟು ಸಾಕು. ಹತ್ತಿರ ಹೋಗಿ, ಅವರ ಕೈ ಹಿಡಿದು, ಗದ್ಗದ ದನಿಯಲ್ಲಿ ಕೇಳಿದೆ: "ಯಜಮಾನ್ರೇ, ಹೇಗಿತ್ತು?"

ಅವರು ಕಣ್ಣು ಬಿಡದೆಯೇ ಕೇಳಿದರು: "ಹೋದ್ವಾ?"